ಮೂರನೇ ಸಲ ಕೇಳುವವರೆಗೆ

ನಮ್ಮೂರಿನವರಿಗೆ ಏನನ್ನಾದರೂ ಕೊಡುವುದು ಎಷ್ಟು ಕಷ್ಟ ಎನ್ನುವುದು ಕೊಟ್ಟು ನೋಡಿದವರಿಗೇ ಗೊತ್ತು. ನಾನು ಮೂವತ್ತೊಂದು ವರ್ಷದಿಂದ ಕೊಡುತ್ತಲೇ ಇದ್ದೇನೆ. ನಾರ್ಡಾಲ್ ಕಾಲೇಜಿನ ವಿದ್ಯಾರ್ಥಿವೇತನ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು ನನ್ನದು. ಹೆಸರು ಕೋನಿ ಹೌಗೆನ್. ಹೌಗೆನ್ ಎನ್ನುವುದು ಗಂಡನ ಮನೆಯದು. ಹುಟ್ಟಿದ್ದು, ಬೆಳೆದದ್ದು, ಬಾಯಿ ಮಾಡುವುದನ್ನು ಕಲಿತದ್ದು ಎಲ್ಲ ನ್ಯೂಜೆರ್ಸಿಯಲ್ಲಿ. ಅಲ್ಲಿ ಯಾರಾದರೂ ಊಟಕ್ಕೆ ಏಳಿ ಎಂದರೆ ನಾವು ಏಳುತ್ತೇವೆ. ಮಿನೆಸೋಟದ ಈ ಹಾವಿಕ್ ಊರಿನಲ್ಲಿ ಹಾಗೆ ಎದ್ದವರು ಯಾರೂ ಇಲ್ಲ.

ಮದುವೆಯಾಗಿ ಬಂದ ಮೊದಲ ದಿನ ನನ್ನ ಅತ್ತೆ, "ಕಾಫಿ ಕುಡೀತೀಯೇನಮ್ಮಾ?" ಎಂದರು. ನಾನು, "ಹೂಂ, ಕೊಡಿ" ಎಂದೆ. ಅಡುಗೆಮನೆಯಲ್ಲಿದ್ದ ಏಳು ಜನರೂ ಉಸಿರು ಬಿಗಿಹಿಡಿದರು. ಅತ್ತೆ ಕಾಫಿಗೆ ನೀರನ್ನೇ ಇಟ್ಟಿರಲಿಲ್ಲ. ಆಮೇಲೆ ಗಂಡ ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟ. ಮೊದಲನೇ ಸಲ ಕೇಳಿದರೆ "ಬೇಡ" ಅನ್ನಬೇಕು. ಅದು ನಮಸ್ಕಾರಕ್ಕೆ ಪ್ರತಿನಮಸ್ಕಾರ ಇದ್ದ ಹಾಗೆ. ಎರಡನೇ ಸಲ ಕೇಳಿದರೆ "ಸುಮ್ಮನೆ ನಿಮಗೆ ತೊಂದರೆ" ಅನ್ನಬೇಕು. ಆಗ ಅವರು ಎದ್ದು ಹೋಗಿ ಕಾಫಿಗೆ ಇಡುತ್ತಾರೆ. ಮೂರನೇ ಸಲ ಕೇಳಿದಾಗ "ಸರಿ, ಹೇಗೂ ಮಾಡಿಬಿಟ್ಟಿದ್ದೀರಲ್ಲ, ಅರ್ಧ ಲೋಟ" ಅನ್ನಬೇಕು. ಮೂರನೇ ಸಲವೂ ಬೇಡ ಎಂದರೆ ಅದು ಮಾತ್ರ ನಿಜವಾದ ಬೇಡ. ಹಾಗೆಯೇ, ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವಂತಿಲ್ಲ. ಬೇಕಿದ್ದರೆ ಅದರಲ್ಲಿ ಅರ್ಧ ಮುರಿದುಕೊಳ್ಳಬಹುದು. ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಇರುವೆಗೂ ಸಾಲದಷ್ಟಾದ ಮೇಲೆ ಮನೆಯೊಡತಿ ತಟ್ಟೆ ತೊಳೆಯುತ್ತಾಳೆ.

ಇದೆಲ್ಲ ನಾಟಕ ಅಂತ ನಾನು ಮೂವತ್ತೊಂದು ವರ್ಷ ಬೈದುಕೊಂಡೇ ಬದುಕಿದೆ. ಆದರೂ ಹೊಂದಿಕೊಂಡೆ. ನಮ್ಮ ಕಚೇರಿಯ ಫಾರ್ಮನ್ನೇ ನೋಡಿ. ಪ್ರತಿಭಾ ವೇತನ ಸಿಕ್ಕ ಮಕ್ಕಳು ಸಹಿ ಹಾಕುವ ಹಾಳೆಯಲ್ಲಿ ಮೂರು ಚೌಕಗಳಿವೆ: "ಬೇಡ", "ಅಯ್ಯೋ, ಬೇಡ", "ಸರಿ ಹಾಗಿದ್ದರೆ". ಮೂರಕ್ಕೂ ಕ್ರಮವಾಗಿ ಗುರುತು ಹಾಕಿದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗುತ್ತದೆ. ಹೊರಗಿನಿಂದ ಬಂದ ಲೆಕ್ಕಪರಿಶೋಧಕರೊಬ್ಬರು ಇದನ್ನು ನೋಡಿ ಕಣ್ಣುಜ್ಜಿಕೊಂಡಿದ್ದರು.

ಏಪ್ರಿಲ್ ಕೊನೆಯ ವಾರ ಮಾರಿಟ್ ಎಂಗೆಬ್ರೆಟ್ಸನ್ ಎಂಬ ಹುಡುಗಿ ನನ್ನ ಮೇಜಿನ ಮುಂದೆ ಕೂತಿದ್ದಳು. ಹದಿನೆಂಟು ವರ್ಷ, ಉದ್ದ ಕೈಗಳು, ಆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದ ಸಂಕೋಚ. ಅವಳ ತಾಯಿ ಆರ್ಡಿಸ್ ಟರ್ಕಿ ಕೋಳಿಗಳ ಕಾರ್ಖಾನೆಯಲ್ಲಿ ಪುಕ್ಕ ತೆಗೆಯುವ ಸಾಲಿನಲ್ಲಿ ಕೆಲಸ ಮಾಡುತ್ತಾಳೆ. ಅದೇ ಸಾಲಿನಲ್ಲಿ, ತಾಯಿಯ ಪಕ್ಕದಲ್ಲಿ, ಮಗಳಿಗೂ ಜೂನ್ ಒಂದರಿಂದ ಜಾಗ ಹೇಳಿಟ್ಟಾಗಿತ್ತು. ಮಾರಿಟ್‌ಗೆ ಮಾತ್ರ ಸೈನ್ಯದಲ್ಲಿ ನರ್ಸ್ ಆಗುವ ಆಸೆ. ಬರೀ ನರ್ಸ್ ಅಲ್ಲ, ಭುಜದ ಮೇಲೆ ಪಟ್ಟಿ ಇರುವ ಅಧಿಕಾರಿ ನರ್ಸ್.

ಅದಕ್ಕೆ ದಾರಿ ಒಂದೇ ಇತ್ತು. ಸೈನ್ಯದವರು ಅಧಿಕಾರಿ ತರಬೇತಿಗೆ ಸೇರುವ ಮಕ್ಕಳಿಗೆ ನಾಲ್ಕು ವರ್ಷದ ವಿದ್ಯಾರ್ಥಿವೇತನ ಕೊಡುತ್ತಾರೆ. ಅದು ಪಾಠದ ಶುಲ್ಕವನ್ನು ಪೂರ್ತಿ ಭರಿಸುತ್ತದೆ. ಆದರೆ ಹಾಸ್ಟೆಲಿನ ಕೋಣೆ, ಊಟ ಅವರ ಲೆಕ್ಕಕ್ಕಿಲ್ಲ. ನಮ್ಮ ಕಾಲೇಜಿನ ಪ್ರತಿಭಾ ವೇತನವೋ, ಶುಲ್ಕದ ಕಾಲುಭಾಗಕ್ಕೂ ಸಾಲದು. ಆದರೆ ಸೈನ್ಯದ ವೇತನ ತಂದವರಿಗೆ ಅದೇ ಪ್ರತಿಭಾ ವೇತನವನ್ನು ಕೋಣೆಗೂ ಊಟಕ್ಕೂ ತಿರುಗಿಸಿ ಕೊಡಬಹುದೆಂದು ನಮ್ಮಲ್ಲೊಂದು ನಿಯಮವಿದೆ. ಎರಡೂ ಕೂಡಿದರೆ ಮನೆಯಿಂದ ಏನೂ ತರದೆ ನಾಲ್ಕು ವರ್ಷ ಓದಬಹುದು. ಒಂದು ತಪ್ಪಿದರೆ ಇನ್ನೊಂದು ಇದ್ದೂ ಇಲ್ಲದ ಹಾಗೆ. ಮಾರಿಟ್‌ಗೆ ಎರಡೂ ಬಂದಿದ್ದವು. ನಮ್ಮದನ್ನು ನಾನು ಒಂದೇ ನಿಮಿಷದಲ್ಲಿ ಮೂರು ಸಲ ಕೇಳಿ ಮೂರು ಚೌಕಕ್ಕೂ ಗುರುತು ಹಾಕಿಸಿಕೊಂಡೆ. ಇನ್ನು ಸೈನ್ಯದವರು ಫೋನು ಮಾಡುವುದೊಂದೇ ಬಾಕಿ.

ಫೋನು ಬಂತು. ಮಾತಾಡಿದವನು ಕ್ಯಾಪ್ಟನ್ ತಿಬಡೋ. ಐವತ್ತು ಮೈಲಿ ಆಚೆಯ ವಿಶ್ವವಿದ್ಯಾಲಯದಲ್ಲಿ, ನಮ್ಮ ಕಾಲೇಜಿನ ಮಕ್ಕಳಿಗೂ ಸೇರಿಸಿ, ಅಧಿಕಾರಿ ತರಬೇತಿ ನಡೆಸುವವನು. ಲೂಸಿಯಾನದವನು, ಇಲ್ಲಿಗೆ ಬಂದು ಮೂರೇ ವಾರವಾಗಿತ್ತು.

"ಮಿಸ್ ಎಂಗೆಬ್ರೆಟ್ಸನ್, ಕಂಗ್ರಾಜುಲೇಷನ್ಸ್. ನಾಲ್ಕು ವರ್ಷದ ಸ್ಕಾಲರ್‌ಶಿಪ್ ನಿಮಗೆ ಬಂದಿದೆ. ತಗೋತೀರಾ?"

ಮಾರಿಟ್ ಕಿವಿಯ ತುದಿಯವರೆಗೆ ಕೆಂಪಾದಳು. "ಅಯ್ಯೋ, ಎಷ್ಟು ದೊಡ್ಡ ಮನಸ್ಸು ಸರ್ ನಿಮ್ದು. ಬೇಡ ಬಿಡಿ. ಬೇರೆ ಯಾರಿಗಾದ್ರೂ ನನಗಿಂತ ಜಾಸ್ತಿ ಬೇಕಾಗಿರಬಹುದು."

"ಅರ್ಥವಾಯ್ತು. ಒಳ್ಳೇದಾಗ್ಲಿ" ಎಂದು ಕ್ಯಾಪ್ಟನ್ ಫೋನಿಟ್ಟ.

ನಾನು ಬಾಯಿ ತೆರೆಯುವುದರೊಳಗೆ ಮುಗಿದೇ ಹೋಯಿತು. ಮಾರಿಟ್ ಮಾತ್ರ ಶಾಂತವಾಗಿ, ಕೈ ಮಡಿಲಲ್ಲಿಟ್ಟುಕೊಂಡು ಫೋನನ್ನೇ ನೋಡುತ್ತ ಕೂತಳು.

"ಈಗ ಮತ್ತೆ ಮಾಡ್ತಾರೆ, ಅಲ್ವಾ ಮಿಸೆಸ್ ಹೌಗೆನ್?"

ಹತ್ತು ನಿಮಿಷ ಕಾದಳು. ಫೋನು ಬಡಿದುಕೊಂಡಿತು. ಕಾಲೇಜಿನ ನೀರಿನ ಪೈಪು ರಿಪೇರಿಯವನು. ಮಾರಿಟ್ ಎದ್ದು ನಿಂತವಳು ಮತ್ತೆ ಕೂತಳು. ಅವಳನ್ನು ಮನೆಗೆ ಕಳಿಸಿ ನಾನೇ ಕ್ಯಾಪ್ಟನ್ನನಿಗೆ ಫೋನು ಹಚ್ಚಿದೆ.

"ರೀ ಕ್ಯಾಪ್ಟನ್, ಆ ಹುಡುಗಿ ಒಪ್ಪಿದಾಳೆ ಕಣ್ರೀ."

"ಬೇಡ ಅಂದ್ಲಲ್ಲ ಮೇಡಂ. ನನ್ನ ಕಿವಿಯಾರೆ ಕೇಳಿದೀನಿ."

"ಅದು ಮೊದಲನೇ ಬೇಡ."

"ಬೇಡದಲ್ಲಿ ಮೊದಲನೇದು ಎರಡನೇದು ಅಂತ ಇರತ್ತಾ?"

"ಮೂರಿದೆ. ನೀವು ಇನ್ನೆರಡು ಸಲ ಕೇಳ್ಬೇಕು."

"ಮೇಡಂ, ಇದು ಸೈನ್ಯ. ಇಲ್ಲಿ ಒಂದೇ ಸಲ ಕೇಳೋದು. ಬೇಡ ಅಂದ ತಕ್ಷಣ ಪಟ್ಟೀಲಿ ಮುಂದಿನೋರಿಗೆ ಹೋಗತ್ತೆ. ಆಗ್ಲೇ ಹೋಗಿದೆ."

ಪಟ್ಟಿಯಲ್ಲಿ ನಾಲ್ಕು ಜನ. ಎಲ್ಲರೂ ನಮ್ಮ ಕಾಲೇಜಿಗೇ ಸೇರಬೇಕಾದವರು, ನಮ್ಮ ಸುತ್ತಲಿನ ಹಳ್ಳಿಗಳವರು. ಮಾರಿಟ್ ಆದ ಮೇಲೆ ಲೇಫ್ ಸ್ಕೋಗ್ಲುಂಡ್, ಅವನಾದ ಮೇಲೆ ಇನ್ನಿಬ್ಬರು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಲೇಫ್ ಎಂಥವನೆಂದರೆ, ಹಲ್ಲುನೋವಿಗೆ ಆಸ್ಪತ್ರೆಗೆ ಹೋಗಿ ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಬಾಗಿಲು ಹಾಕುವ ಹೊತ್ತಿಗೆ ಹಾಗೇ ವಾಪಸು ಬಂದವನು.

ಬುಧವಾರದೊಳಗೆ ನಾಲ್ವರೂ ಬೇಡ ಎಂದಿದ್ದರು. ನಾಲ್ವರೂ ಮನೆಯಲ್ಲಿ ಫೋನಿನ ಪಕ್ಕ ಕಾಯುತ್ತ ಕೂತಿದ್ದರು. ಬೇಡ ಅಂದವರಿಗೆ ಸೈನ್ಯದವರು ಒಂದು ಫಾರ್ಮು ಕಳಿಸುತ್ತಾರಂತೆ, ಕಾರಣ ಬರೆಯಲು. ಆರೋಗ್ಯ, ಬೇರೆ ಕಾಲೇಜು, ಆಯುಧ ಹಿಡಿಯಲು ಮನಸ್ಸಿಲ್ಲ, ಇತರೆ. ನಾಲ್ವರೂ "ಇತರೆ"ಗೆ ಗುರುತು ಹಾಕಿ ಕೆಳಗೆ ನೀಟಾಗಿ ಬರೆದಿದ್ದರು: "ಬೇರೆ ಯಾರಿಗಾದರೂ ನನಗಿಂತ ಹೆಚ್ಚು ಅಗತ್ಯವಿರಬಹುದು."

ಈ ನಾಲ್ಕು ಫಾರ್ಮು ಮೇಲಿನ ಕಚೇರಿಯ ಕರ್ನಲ್ ಒಬ್ಬನ ಮೇಜಿನ ಮೇಲೆ ಒಟ್ಟಿಗೆ ಬಿದ್ದವು. ಕರ್ನಲ್ ಕ್ಯಾಪ್ಟನ್ನನನ್ನು ಹಿಡಿದು ಝಾಡಿಸಿದ. ನಾಲ್ಕು ಊರಿನ ನಾಲ್ಕು ಜನ, ಒಂದೇ ವಾಕ್ಯ, ಅಕ್ಷರ ಆಚೀಚೆ ಇಲ್ಲ! ಇದರ ಹಿಂದೆ ಯಾವ ಸಂಘಟನೆ ಇದೆ? ನಾಯಕ ಯಾರು? ಆ ಪ್ರದೇಶದಲ್ಲಿ ಇಂಥ ಕರಪತ್ರ ಹಂಚುತ್ತಿರುವವರನ್ನು ಕೂಡಲೇ ಪತ್ತೆ ಮಾಡು ಎಂದು ಅಪ್ಪಣೆ ಕೊಟ್ಟ.

ಕ್ಯಾಪ್ಟನ್ ತಿಬಡೋ ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ಟೋಪಿ ತೆಗೆದ. ಎತ್ತರದ ಆಳು, ಕಣ್ಣ ಕೆಳಗೆ ಕಪ್ಪು.

"ಮೇಡಂ, ಆ ಸಂಘಟನೆ ಯಾವ್ದು ಹೇಳಿ. ನಿಮ್ಮ ಹೆಸರು ಎಲ್ಲೂ ಬರಲ್ಲ."

"ಸಂಘಟನೆ ಅಲ್ಲ ಕಣ್ರೀ. ಇವ್ರು ಹೀಗೇ."

"ಎಲ್ರೂ?"

"ಎಲ್ರೂ."

ಅವನು ಕುರ್ಚಿಯಲ್ಲಿ ಕುಸಿದ. ಒಂದು ಮಾತು ಮಾತ್ರ ಒಳ್ಳೆಯದು ಹೇಳಿದ: ಪಟ್ಟಿ ಮುಗಿದಿದ್ದರಿಂದ ನಿಯಮದ ಪ್ರಕಾರ ಮತ್ತೆ ಮೇಲಿನಿಂದ ಕೇಳಬೇಕು. ಅಂದರೆ ಮಾರಿಟ್‌ಗೆ ಎರಡನೇ ಸಲ. ಫೋನಿನಲ್ಲಿ ಬೇಡ, ಮನೆಗೇ ಹೋಗೋಣ, ಮುಖ ನೋಡಿ ಕೇಳಿದರೆ ಬೇಡ ಅನ್ನಲಾರಳು ಎಂದ. ಪಾಪ, ಏನೂ ತಿಳಿಯದವನು. ನಾನೂ ಜೊತೆಗೆ ಹೊರಟೆ.

ಎಂಗೆಬ್ರೆಟ್ಸನ್ ಮನೆಯಲ್ಲಿ ಆರ್ಡಿಸ್ ನಿಂಬೆ ಕೇಕಿನ ಒಂಬತ್ತು ತುಂಡುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ಹವಾಮಾನದ ಬಗ್ಗೆ ನಲವತ್ತು ನಿಮಿಷ ಮಾತಾಯಿತು. ರಸ್ತೆ ಬದಿಯ ಹಿಮ ಯಾವಾಗ ಕರಗೀತು ಎಂಬುದರ ಬಗ್ಗೆ ಇನ್ನು ಹತ್ತು. ಕ್ಯಾಪ್ಟನ್ ತಡೆಯಲಾರದೆ ಎದ್ದು ನಿಂತು, ಎದೆ ಸೆಟೆದು, ಧ್ವಜದ ಮುಂದೆ ನಿಂತವನ ಹಾಗೆ ಕೇಳಿದ.

"ಮಿಸ್ ಎಂಗೆಬ್ರೆಟ್ಸನ್, ಐವತ್ತು ಮೈಲಿ ಬಂದಿದೀನಿ. ಈ ಸ್ಕಾಲರ್‌ಶಿಪ್ ತಗೋತೀರಾ?"

ನಾನು ಮೇಜಿನ ಕೆಳಗೆ ಮಾರಿಟ್‌ಳ ಕಾಲು ತುಳಿದೆ. ಅವಳ ಕಣ್ಣಲ್ಲಿ ನೀರಾಡಿತು. ತುಟಿ "ಹೂಂ" ಅನ್ನುವ ಹಾಗೆ ದುಂಡಗಾಯಿತು. ಹೊರಬಂದದ್ದು ಬೇರೆ.

"ಅಷ್ಟು ದೂರದಿಂದ ಬಂದ್ರಲ್ಲ ಸರ್. ಸುಮ್ನೆ ನಿಮಗೆ ತೊಂದರೆ ಕೊಟ್ಟೆ. ಬೇಡ ಸರ್."

ಆರ್ಡಿಸ್ ಹೆಮ್ಮೆಯಿಂದ ಮಗಳ ಕಡೆ ನೋಡಿದಳು. ಕ್ಯಾಪ್ಟನ್ ಕೂತ. ದುಃಖಕ್ಕೆ ಏನು ಮಾಡುವುದೆಂದು ತಿಳಿಯದೆ ತಟ್ಟೆಗೆ ಕೈ ಹಾಕಿ, ಅಲ್ಲಿ ಉಳಿದಿದ್ದ ಒಂದೇ ಒಂದು ತುಂಡನ್ನು ಎತ್ತಿ, ಇಡಿಯಾಗಿ, ಬಾಯಿಗಿಟ್ಟುಕೊಂಡ.

ಆರ್ಡಿಸ್ ಬಹಳ ಮೆಲ್ಲಗೆ, "ಹಸಿದಿದ್ರು ಅಂತ ಕಾಣತ್ತೆ, ಪಾಪ" ಎಂದಳು. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಹೊರಗೆ ಬಂದ ಮೇಲೆ ಮಾರಿಟ್‌ಳನ್ನು ಅಂಗಳದ ಮೂಲೆಗೆ ಎಳೆದು ತರಾಟೆಗೆ ತೆಗೆದುಕೊಂಡೆ.

"ಏನೇ ನಿನ್ನ ರೋಗ? ಬಾಯಿ ಬಿಟ್ಟು ಹೂಂ ಅನ್ನೋಕೆ ಏನೇ ಆಗತ್ತೆ ನಿಂಗೆ? ಜೂನ್ ಒಂದಕ್ಕೆ ಕೋಳಿ ಪುಕ್ಕ ಕೀಳೋಕೆ ನಿಲ್ತೀಯಲ್ಲ, ಆಗ ಯಾರಿಗೆ ಬೇಡ ಅಂತೀಯ?"

ಅವಳು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ನಂಗದು ಬೇಕು ಮಿಸೆಸ್ ಹೌಗೆನ್. ಎಷ್ಟು ಬೇಕು ಅಂದ್ರೆ ನಂಗೇ ನಾಚಿಕೆ ಆಗತ್ತೆ. ಅಷ್ಟು ಬೇಕಾಗಿರೋದನ್ನ ಕೇಳಿದ ತಕ್ಷಣ ತಗೊಂಡುಬಿಟ್ರೆ, ಬೇರೆಯೋರ ಕೈಯಿಂದ ಕಿತ್ಕೊಂಡ ಹಾಗಲ್ವಾ? ಲೇಫ್‌ಗೂ ಬೇಕು. ಅವನೂ ಕಾಯ್ತಿದಾನೆ."

ನನ್ನ ಸಿಟ್ಟು ಇಳಿಯಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಕ್ಯಾಪ್ಟನ್ನನಿಗೆ ಕೊನೆಯ ತುಂಡಿನ ವಿಷಯ ಹೇಳಿದೆ. ಅವನ ಮುಖ ಬಿಳಿಚಿತು. "ಅವರಮ್ಮನಿಗೆ ಪತ್ರ ಬರೀಲಾ?" ಎಂದ. "ಬರೀರಿ. ಬೇಡ, ಅಂಥಾದ್ದೇನಿಲ್ಲ ಅಂತ ಬರೀತಾಳೆ. ಮೂರು ಸಲ ಬರೀಬೇಕು" ಎಂದೆ.

ಅದೇ ಸಂಜೆಯೊಳಗೆ ಉಳಿದ ಮೂವರೂ ಎರಡನೇ ಬೇಡ ಹೇಳಿ ಮುಗಿಸಿದರು. ಶುಕ್ರವಾರ ಬೆಳಿಗ್ಗೆ ಮೇಲಿನ ಕಚೇರಿಯಿಂದ ಆಜ್ಞೆ ಬಂತು. ಎರಡು ಸುತ್ತು ಮುಗಿದ ಪಟ್ಟಿ ರದ್ದು. ಅಂದೇ ಸಂಜೆ ಐದು ಗಂಟೆಯೊಳಗೆ ಯಾರಾದರೂ ಸಹಿ ಹಾಕಿದರೆ ಸರಿ, ಇಲ್ಲದಿದ್ದರೆ ಆ ವಿದ್ಯಾರ್ಥಿವೇತನ ಬೇರೆ ರಾಜ್ಯಕ್ಕೆ ಹೋಗುತ್ತದೆ. ಕ್ಯಾಪ್ಟನ್ ಹುಮ್ಮಸ್ಸಿನಿಂದ ಬಂದು ನನಗೆ ಹೇಳಿದ.

"ನಾಲ್ವರಿಗೂ ಹೇಳಿದೀನಿ ಮೇಡಂ. ಸಂಜೆ ನಾಲ್ಕೂವರೆಗೆ ನಿಮ್ಮ ಕಚೇರಿಗೆ ಬನ್ನಿ. ಯಾರು ಮೊದಲು ಬಾಗಿಲೊಳಗೆ ಬರ್ತಾರೋ ಅವರಿಗೇ ಸ್ಕಾಲರ್‌ಶಿಪ್. ಜಗಳವೇ ಇಲ್ಲ."

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. "ಏನಂದ್ರಿ? ಮಿನೆಸೋಟದ ನಾಲ್ಕು ಮಕ್ಕಳಿಗೆ, ಮೊದಲು ಬಂದೋರಿಗೆ ಸಿಗತ್ತೆ ಅಂತ ಹೇಳಿದ್ರಾ?"

"ಹೌದು."

"ಹಾಗಾದ್ರೆ ಯಾರೂ ಬರಲ್ಲ."

ಬಂದರು. ಸಮಯಕ್ಕೆ ಬರದಿರುವುದು ಅದಕ್ಕಿಂತ ದೊಡ್ಡ ತಪ್ಪು ನೋಡಿ. ನನ್ನ ಕಿಟಕಿಯ ಕೆಳಗೇ ಒಂದು ಕೂಡುರಸ್ತೆ ಇದೆ. ಸಿಗ್ನಲ್ ದೀಪವಿಲ್ಲ, ನಾಲ್ಕು ಕಡೆಯೂ "ನಿಲ್ಲಿ" ಎಂಬ ಫಲಕ. ಮೊದಲು ಬಂದು ನಿಂತವರು ಮೊದಲು ಹೋಗಬೇಕು, ಅದು ಕಾನೂನು. ನಾಲ್ಕೂ ಇಪ್ಪತ್ತೆಂಟಕ್ಕೆ ದಕ್ಷಿಣದಿಂದ ಲೇಫ್‌ನ ನೀಲಿ ಪಿಕಪ್ ಗಾಡಿ ಬಂದು ನಿಂತಿತು. ಹಿಂದೆಯೇ ಪೂರ್ವದಿಂದ ಮಾರಿಟ್, ಅಪ್ಪನ ಹಳೆಯ ಕಂದು ಟ್ರಕ್ಕಿನಲ್ಲಿ. ಆಮೇಲೆ ಪಶ್ಚಿಮದಿಂದ ಒಬ್ಬಳು, ಉತ್ತರದಿಂದ ಇನ್ನೊಬ್ಬ. ನಾಲ್ಕು ಗಾಡಿ, ನಾಲ್ಕು ದಿಕ್ಕು, ಪಟ್ಟಿಯಲ್ಲಿದ್ದ ನಾಲ್ಕೂ ಜನ. ನಮ್ಮ ಬಾಗಿಲು ಅಲ್ಲಿಂದ ಮೂವತ್ತು ಹೆಜ್ಜೆ.

ಲೇಫ್ ಮಾರಿಟ್ ಕಡೆ ಕೈ ಬೀಸಿ ನೀನು ಹೋಗು ಎಂದ. ಮಾರಿಟ್ ತಲೆಯಾಡಿಸಿ ಆಚೆಯವಳಿಗೆ ಕೈ ಬೀಸಿದಳು. ಅವಳು ಉತ್ತರದವನಿಗೆ. ಅವನು ಲೇಫ್‌ಗೆ. ಎಲ್ಲರ ಮುಖದಲ್ಲೂ ನಗು.

"ಏನ್ ಮಾಡ್ತಿದಾರೆ?" ಎಂದು ಕ್ಯಾಪ್ಟನ್ ಕೇಳಿದ.

"ದಾರಿ ಬಿಡ್ತಿದಾರೆ."

"ಯಾರಿಗೆ?"

"ಎಲ್ರೂ ಎಲ್ರಿಗೂ."

ನಾಲ್ಕೂ ನಲವತ್ತಾಯಿತು. ಲೇಫ್‌ನ ಹಿಂದೆ ಅಂಚೆಯ ವ್ಯಾನು ಬಂದು ನಿಂತಿತು. ಅದರ ಹಿಂದೆ ಟ್ರ್ಯಾಕ್ಟರು. ಮಾರಿಟ್‌ಳ ಹಿಂದೆ ಚರ್ಚಿನವರೆಗೂ ಸಾಲು. ಒಬ್ಬರೂ ಹಾರ್ನ್ ಮಾಡಲಿಲ್ಲ. ಈ ಊರಿನಲ್ಲಿ ಕೊನೆಯ ಸಲ ಹಾರ್ನ್ ಕೇಳಿದ್ದು ಒಬ್ಬನಿಗೆ ಗಾಡಿ ಓಡಿಸುವಾಗ ಹೃದಯಾಘಾತವಾಗಿ ಅವನ ತಲೆ ಅದರ ಮೇಲೆ ಬಿದ್ದಾಗ. ಆತ ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಎಲ್ಲರ ಕ್ಷಮೆ ಕೇಳಿದ್ದ.

ನಾನು ಕಿಟಕಿ ತೆರೆದು ಕಿರುಚಬೇಕೆಂದು ಎದ್ದೆ. ಚಳಿಗಾಲಕ್ಕೆಂದು ಅಕ್ಟೋಬರಿನಲ್ಲಿ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತಲೂ ಟೇಪು ಹಚ್ಚಿದ್ದರು. ಉಗುರಿನಿಂದ ಕೆರೆದೆ, ಹಲ್ಲಿನಿಂದ ಎಳೆದೆ, ಬರಲಿಲ್ಲ. "ಹೋಗೇ ಮಾರಿಟ್! ಹೋಗೇ ಪುಣ್ಯಾತ್ಗಿತ್ತಿ!" ಎಂದು ಗಾಜಿಗೆ ಬಡಿದೆ. ಅವಳು ನನ್ನನ್ನು ನೋಡಿ ಕೈ ಬೀಸಿದಳು, ಮೊದಲು ನೀವು ಅನ್ನುವ ಹಾಗೆ.

ನಾಲ್ಕೂ ಐವತ್ತು. ಕ್ಯಾಪ್ಟನ್ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಮೇಜಿನ ಮೇಲೆ ತಟ್ಟೆಯಲ್ಲಿ ನಾನು ಮಾಡಿ ತಂದಿದ್ದ ಕೇಕಿನ ಒಂದೇ ತುಂಡು ಉಳಿದಿತ್ತು. ಅವನು ಅದನ್ನು ನೋಡಿದ. ಚಾಕು ತೆಗೆದುಕೊಂಡು ಸರಿಯಾಗಿ ಅರ್ಧ ಕತ್ತರಿಸಿ, ಅರ್ಧ ತಿಂದು, ಉಳಿದರ್ಧವನ್ನು ನನ್ನ ಕಡೆ ಸರಿಸಿದ. ಆ ಗಾಬರಿಯಲ್ಲೂ ನನಗೆ ಅವನ ಮೇಲೆ ಅಕ್ಕರೆ ಉಕ್ಕಿತು.

ನಾಲ್ಕೂ ಐವತ್ತಾರಕ್ಕೆ ಕಂದು ಟ್ರಕ್ಕು ಅಲುಗಿತು. ಮೊದಲು ಒಂದಡಿ, ನಿಂತಿತು, ಆಮೇಲೆ ಒಮ್ಮೆಲೇ ನುಗ್ಗಿ ಕೂಡುರಸ್ತೆ ದಾಟಿ ನಮ್ಮ ಮೆಟ್ಟಿಲ ಬಳಿ ಬಂದು ನಿಂತಿತು. ಮಾರಿಟ್ ಟ್ರಕ್ಕಿನ ಬಾಗಿಲನ್ನೂ ಹಾಕದೆ ಓಡಿಬಂದಳು. ಮುಖ ಸುಣ್ಣದ ಬಿಳುಪು.

ಕ್ಯಾಪ್ಟನ್ ಗಂಟಲು ಸರಿಪಡಿಸಿಕೊಂಡ. ಪಾಪ, ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದನೇನೋ. "ಮಿಸ್ ಎಂಗೆಬ್ರೆಟ್ಸನ್, ಹೇಗೂ ಇಲ್ಲೇ ಇದೆ ಇದು, ಸುಮ್ನೆ ಹಾಳಾಗತ್ತೆ, ನಿಮಗೇನೂ ಬೇಜಾರಿಲ್ಲ ಅಂದ್ರೆ, ಮೂರನೇ ಸಲ ಕೇಳ್ತಿದೀನಿ..."

"ಕೇಳ್ಬೇಡಿ ಸರ್" ಎಂದಳು ಮಾರಿಟ್. "ಕೊಡಿ."

ಸಹಿ ಹಾಕಿದಳು. ನಾಲ್ಕೂ ಐವತ್ತೆಂಟು. ನಾನು ಅವಳ ಪ್ರತಿಭಾ ವೇತನದ ಹಾಳೆಯನ್ನು ಸೈನ್ಯದ ಹಾಳೆಗೆ ಸೇರಿಸಿ ಪಿನ್ನು ಹೊಡೆದೆ. ಆ ಪಿನ್ನಿನ ಸದ್ದು ಕೇಳಿ ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಮೇಜು ಸುತ್ತಿ ಹೋಗಿ ಅವಳನ್ನು ತಬ್ಬಿಕೊಂಡೆ.

"ಶಭಾಷ್ ಕಣೇ! ಎಲ್ರನ್ನೂ ಬಿಟ್ಟು ನುಗ್ಗಿದ್ಯಲ್ಲ! ಇವತ್ತಿಂದ ನೀನು ನಮ್ಮ ನ್ಯೂಜೆರ್ಸಿ ಹುಡುಗಿ!"

ಮಾರಿಟ್ ಅಳುತ್ತಿದ್ದಳು. ಸಂತೋಷದ ಅಳುವೆಂದುಕೊಂಡೆ.

"ನಾನು ನುಗ್ಲಿಲ್ಲ ಮಿಸೆಸ್ ಹೌಗೆನ್. ಲೇಫ್ ಕೈ ಬೀಸಿದ."

"ಎಲ್ರೂ ಬೀಸ್ತಾನೇ ಇದ್ರಲ್ಲೇ ಅರ್ಧ ಗಂಟೆಯಿಂದ."

"ಅವ್ರು ಸುತ್ತಲೂ ಬೀಸಿದ್ರು. ಅವನು ಬರೀ ನಂಗೆ ಬೀಸಿದ, ಮೂರು ಸಲ. ಮೊದಲನೇದಕ್ಕೆ ನಾನು ಬೇಡ ಅಂದೆ. ಎರಡನೇದಕ್ಕೂ ಬೇಡ ಅಂದೆ." ಅವಳು ಉಸಿರು ಎಳೆದುಕೊಂಡಳು. "ಮೂರನೇ ಸಲ ಬೀಸೋವಾಗ ಅವನು ನಗ್ಲಿಲ್ಲ. ಸುಮ್ನೆ ನೋಡಿದ. ಮೊದಲು ಬಂದಿದ್ದು ಅವನು ಮಿಸೆಸ್ ಹೌಗೆನ್. ಸರದಿ ಅವನದೇ ಇತ್ತು."

ನಾನು ಅವಳನ್ನು ಬಿಟ್ಟು ಕಿಟಕಿಯ ಹತ್ತಿರ ಹೋದೆ. ನೀಲಿ ಪಿಕಪ್ಪು ಇನ್ನೂ ಅಲ್ಲೇ ಇತ್ತು. ಲೇಫ್ ಹಿಂದಿನ ಅಂಚೆ ವ್ಯಾನನ್ನು ಪಕ್ಕದಿಂದ ಮುಂದೆ ಬಿಡುತ್ತಿದ್ದ, ಆಮೇಲೆ ಟ್ರ್ಯಾಕ್ಟರನ್ನು. ಸ್ಕೋಗ್ಲುಂಡ್ ಮನೆಯವರ ಸ್ಥಿತಿ ಎಂಗೆಬ್ರೆಟ್ಸನ್ ಮನೆಯವರಿಗಿಂತ ಮೇಲೇನಲ್ಲ. ಅವನ ಅರ್ಜಿಯೂ ನನ್ನ ಕಪಾಟಿನಲ್ಲೇ ಇದೆ, ನನಗೆ ಗೊತ್ತು. ಮೂವತ್ತೊಂದು ವರ್ಷ ಇದನ್ನು ನಾಟಕ ಎಂದು ಬೈದ ನನ್ನ ಬಾಯಿಯ ಬಗ್ಗೆ ನನಗೆ ನಾಚಿಕೆಯಾಯಿತು. ಮೊದಲಿನ ಎರಡು ನಾಟಕವೇ ಇರಬಹುದು. ಮೂರನೆಯದು ಏನೆಂದು ನಾನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ.

ಕ್ಯಾಪ್ಟನ್ ತಿಬಡೋ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ನಾನೂ ಸ್ವೆಟರ್ ಹಾಕಿಕೊಳ್ಳದೆ ಹಿಂದೆಯೇ ಹೋದೆ. ಅವನು ಪಿಕಪ್ಪಿನ ಕಿಟಕಿಗೆ ಬಗ್ಗಿದ.

"ಮಿಸ್ಟರ್ ಸ್ಕೋಗ್ಲುಂಡ್, ಎರಡನೇ ವರ್ಷದಿಂದ ಶುರುವಾಗೋ ಸ್ಕಾಲರ್‌ಶಿಪ್ ಒಂದಿದೆ, ಮೂರು ವರ್ಷದ್ದು. ಯಾರಿಗೆ ಕೊಡ್ಬೇಕು ಅಂತ ಮೇಲಕ್ಕೆ ಬರಿಯೋನು ನಾನೇ. ಒಂದು ವರ್ಷ ಮನೆಯಿಂದ ಓಡಾಡಿ ಹೇಗಾದ್ರೂ ಓದಿಬಿಡಿ, ಆಮೇಲೆ ಇವರ ಕಾಲೇಜಿನ ಕೋಣೆ, ಊಟಾನೂ ಸೇರತ್ತೆ. ಬೇಕಾ?"

ಲೇಫ್ ಕೆಂಪಾದ. "ಅಯ್ಯೋ ಬೇಡ ಸರ್. ಬೇರೆ ಯಾರಿಗಾದ್ರೂ ನನಗಿಂತ ಜಾಸ್ತಿ ಬೇಕಾಗಿರಬಹುದು."

ಕ್ಯಾಪ್ಟನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಲೇಫ್‌ನ ಹೆಸರು ಬರೆದು, ಮುಂದೆ ಒಂದು ಗೀಟು ಎಳೆದ.

"ಸರಿ. ಸೋಮವಾರ ಮತ್ತೆ ಬರ್ತೀನಿ."

"ಸೋಮವಾರ ಮನೇಲೇ ಇರ್ತೀನಿ ಸರ್" ಎಂದ ಲೇಫ್, ಸ್ಟೇರಿಂಗ್ ನೋಡುತ್ತ. ಒಂದು ಕ್ಷಣ ಬಿಟ್ಟು ಮೆಲ್ಲಗೆ ಸೇರಿಸಿದ, "ಬುಧವಾರಾನೂ ಇರ್ತೀನಿ."

ಆಗ ನಾನು ಕೇಳಿದೆ. "ಲೇಫ್, ಒಳಗೆ ಬಂದು ಕಾಫಿ ಕುಡೀತೀಯೇನೋ?"

"ಬೇಡ ಮಿಸೆಸ್ ಹೌಗೆನ್."

"ಬಾರೋ, ಚಳಿ ಇದೆ."

"ಸುಮ್ನೆ ನಿಮಗೆ ತೊಂದರೆ."

ನಾನು ಒಳಗೆ ಹೋಗಿ, ಕಾಫಿಗೆ ಇಟ್ಟು, ಮತ್ತೆ ಆಚೆ ಬಂದು ಮೂರನೇ ಸಲ ಕೇಳಿದೆ.